ಹಿಂಬಾಗಿಲು, ಮುಂಬಾಗಿಲು: ಆರ್ಚರಿಯ ನೆರೆಹೊರೆಯಲ್ಲಿ ಜಿಮ್ಮಿ ಕಾರ್ಟರ್ ಕಲಿತದ್ದು

ನಮಸ್ಕಾರ. ಅಮೆರಿಕದ 39ನೆಯ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಇಳಿವಯಸ್ಸಿನಲ್ಲಿ ತಮ್ಮ ಬಾಲ್ಯವನ್ನು ಕುರಿತು ಬರೆದಾಗ, ತಂದೆತಾಯಿಯರನ್ನು ಬಿಟ್ಟರೆ ತಮ್ಮ ಎಳೆಯ ಬದುಕಿನ ಮೇಲೆ ಗಾಢ ಪ್ರಭಾವ ಬೀರಿದ ಐವರನ್ನು ಹೆಸರಿಸಿದರು. ಆ ಐವರಲ್ಲಿ ಬಿಳಿಯರು ಇಬ್ಬರು ಮಾತ್ರ. ಉಳಿದ ಮೂವರು ಕಪ್ಪು ಜನಾಂಗದವರು. ಶಾಲೆ, ಚರ್ಚು, ರೈಲಿನ ಡಬ್ಬಿ, ಎಲ್ಲವನ್ನೂ ಬಣ್ಣದ ಪ್ರಕಾರ ಬೇರ್ಪಡಿಸಿಟ್ಟಿದ್ದ ಜಾರ್ಜಿಯಾ ರಾಜ್ಯದಲ್ಲಿ ಇದು ಹೇಗೆ ಸಾಧ್ಯವಾಯಿತು, ನೆರೆಹೊರೆಯ ಆ ಒಡನಾಟ ಒಬ್ಬ ಹುಡುಗನಿಗೆ ಏನನ್ನು ಕಲಿಸಿತು, ಏನನ್ನು ಕಲಿಸದೆ ಉಳಿಸಿತು ಎಂಬುದು ಇಂದಿನ ವಿಷಯ.

[ದೃಶ್ಯ: ಜಾರ್ಜಿಯಾದ ನಕ್ಷೆ, ಪ್ಲೇನ್ಸ್ ಮತ್ತು ಆರ್ಚರಿ]

ಕಾರ್ಟರ್ ಹುಟ್ಟಿದ್ದು 1924ರಲ್ಲಿ, ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ. 1928ರಲ್ಲಿ ಅವರ ಕುಟುಂಬ ಅಲ್ಲಿಂದ ಸುಮಾರು 4 ಕಿಲೋಮೀಟರ್ ದೂರದ ಆರ್ಚರಿಯ ಹೊಲದ ಮನೆಗೆ ಬಂದು ನೆಲೆಸಿತು. ಕಡಲೆಕಾಯಿ ಮತ್ತು ಹತ್ತಿ ಬೆಳೆಯುತ್ತಿದ್ದ ಆ ನೆಲದಲ್ಲಿ, ಕಾರ್ಟರ್ ಅವರ ಮನೆಯನ್ನೂ ರೈಲುಹಳಿಯ ಮೇಲ್ವಿಚಾರಕನ ಮನೆಯನ್ನೂ ಬಿಟ್ಟರೆ ವಾಸವಿದ್ದವರೆಲ್ಲ ಕಪ್ಪು ಕುಟುಂಬದವರೇ. ಹೀಗಾಗಿ ಜಿಮ್ಮಿಯ ಜೊತೆ ಮೀನು ಹಿಡಿದವರು, ಕುಸ್ತಿಯಾಡಿದವರು, ಹೊಲದಲ್ಲಿ ದುಡಿದವರು ಎಲ್ಲರೂ ಆ ಮನೆಗಳ ಮಕ್ಕಳು.

ಹೊಲದ ಕೆಲಸ ನೋಡಿಕೊಳ್ಳುತ್ತಿದ್ದ ಜ್ಯಾಕ್ ಕ್ಲಾರ್ಕ್ ಬೆಳಕು ಹರಿಯುವ ಮುಂಚೆಯೇ ದೊಡ್ಡ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ತಂದೆತಾಯಿ ಊರಲ್ಲಿಲ್ಲದ ರಾತ್ರಿಗಳಲ್ಲಿ ಜಿಮ್ಮಿ ಮಲಗುತ್ತಿದ್ದದ್ದು ಜ್ಯಾಕ್ ಮತ್ತು ರೇಚಲ್ ಕ್ಲಾರ್ಕ್ ದಂಪತಿಯ ಮನೆಯಲ್ಲಿ, ಮೆಕ್ಕೆಜೋಳದ ಸಿಪ್ಪೆ ತುಂಬಿ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ. ಹತ್ತಿ ಬಿಡಿಸುವುದರಲ್ಲಿ ಸುತ್ತಮುತ್ತ ಸಾಟಿಯಿಲ್ಲದ ರೇಚಲ್ ಅವನನ್ನು ಹಳ್ಳದ ದಂಡೆಗೆ ಕರೆದೊಯ್ದು ಗಾಳ ಹಾಕುವುದನ್ನು ಕಲಿಸುತ್ತ, ಸೃಷ್ಟಿಯ ಬಗ್ಗೆಯೂ ಮನುಷ್ಯನ ಹೊಣೆಯ ಬಗ್ಗೆಯೂ ಮಾತನಾಡುತ್ತಿದ್ದರು. ಕಾರ್ಟರ್ ನೆನೆದ ಐವರಲ್ಲಿ ರೇಚಲ್ ಒಬ್ಬರು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಕಪ್ಪು ಹುಡುಗರ ಜೊತೆ ಉಂಡು ಆಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲವಾದರೂ, ಶಾಲೆಗೆ ಹೋಗುವಾಗ ಅವರ ದಾರಿ ಬೇರೆಯಾಗುತ್ತಿತ್ತು. ಗೆಳೆಯನೊಬ್ಬನ ಜೊತೆ ಅಮೆರಿಕಸ್ ಪಟ್ಟಣಕ್ಕೆ ಸಿನಿಮಾ ನೋಡಲು ಹೊರಟರೆ, ರೈಲಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಕುಳಿತು, ಇಳಿದ ಮೇಲೆ ಒಟ್ಟಿಗೆ ನಡೆದು, ಚಿತ್ರಮಂದಿರದಲ್ಲಿ ಮತ್ತೆ ಬೇರೆಯಾಗುತ್ತಿದ್ದರು. ಗೆಳೆಯನ ಜಾಗ ಮೇಲಿನ ಬಾಲ್ಕನಿಯಲ್ಲಿತ್ತು. ಆಗ ತನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲವೆಂದು ಕಾರ್ಟರ್ ಒಪ್ಪಿಕೊಂಡಿದ್ದಾರೆ, ಮತ್ತು ಆ ಒಪ್ಪಿಗೆಯೇ ಅವರ ನೆನಪುಗಳಿಗೆ ಬೆಲೆ ತಂದಿದೆ ಎಂದು ನಾನು ನಂಬುತ್ತೇನೆ.

[ದೃಶ್ಯ: ಹೊಲದ ಮನೆಯ ಮುಂಬಾಗಿಲು]

ಮಕ್ಕಳಿಗೆ ಈ ನಿಯಮಗಳನ್ನು ಯಾರೂ ಕೂರಿಸಿ ಹೇಳಿಕೊಡುತ್ತಿರಲಿಲ್ಲ. ದೊಡ್ಡವರು ನಡೆದುಕೊಳ್ಳುವುದನ್ನು ನೋಡಿಯೇ ಅವರು ಕಲಿಯುತ್ತಿದ್ದರು. ಕಪ್ಪು ಜನರು ಬಿಳಿಯರ ಮನೆಗೆ ಹಿಂಬಾಗಿಲಿನಿಂದಲೇ ಬರಬೇಕಿತ್ತು. ಆರ್ಚರಿಯಲ್ಲಿ ಶಾಲೆ ಸ್ಥಾಪಿಸಿದ್ದ, ಕಪ್ಪು ಜನರ ಚರ್ಚಿನ ಬಿಷಪ್ ವಿಲಿಯಂ ಜಾನ್ಸನ್ ಹಿಂಬಾಗಿಲಿಗೆ ಹೋಗಿ ನಿಲ್ಲುವವರಲ್ಲ. ಮುಂಬಾಗಿಲಿಗೆ ಬಂದರೆ ಜಿಮ್ಮಿಯ ತಂದೆ ಅರ್ಲ್ ಕಾರ್ಟರ್ ಒಪ್ಪುವವರಲ್ಲ. ಹಾಗಾಗಿ ಬಿಷಪ್ ಕಾರಿನಲ್ಲಿ ಬಂದು ಅಂಗಳದಲ್ಲಿ ಹಾರ್ನ್ ಹಾಕಿಸುತ್ತಿದ್ದರು, ಅರ್ಲ್ ಹೊರಗೆ ಹೋಗಿ ಮಾತನಾಡುತ್ತಿದ್ದರು. ಬಿಷಪ್ ಅವರ ಮಗ ಊರಿಗೆ ಬಂದಾಗ ನೇರವಾಗಿ ಮುಂಬಾಗಿಲಿಗೇ ಬರುತ್ತಿದ್ದರು; ತಾಯಿ ಲಿಲಿಯನ್ ಅವರನ್ನು ಬರಮಾಡಿಕೊಂಡು ಮಾತನಾಡಿಸುತ್ತಿದ್ದರು, ತಂದೆ ಅಲ್ಲಿಂದ ಹೊರಟುಹೋಗುತ್ತಿದ್ದರು. ನರ್ಸ್ ಆಗಿದ್ದ ಲಿಲಿಯನ್ ಕಪ್ಪು ಕುಟುಂಬಗಳ ಮನೆಯೊಳಗೇ ಹೋಗಿ ಆರೈಕೆ ಮಾಡುತ್ತಿದ್ದರು, ಹಣವಿಲ್ಲದವರು ಕೋಳಿಯನ್ನೋ ಮೊಟ್ಟೆಯನ್ನೋ ತಂದುಕೊಡುತ್ತಿದ್ದರು. ಒಂದೇ ಸೂರಿನಡಿ ಎರಡು ಬಗೆಯ ನಡವಳಿಕೆಯನ್ನು ಕಂಡ ಹುಡುಗನಿಗೆ, ರೂಢಿಯನ್ನು ಮೀರಿಯೂ ಬದುಕಬಹುದು ಎಂಬುದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು.

ಇನ್ನು 1938ರ ಜೂನ್ 22ರ ರಾತ್ರಿಗೆ ಬರೋಣ. ಅಂದು ನ್ಯೂಯಾರ್ಕ್‌ನಲ್ಲಿ ಕಪ್ಪು ಬಾಕ್ಸರ್ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎದುರಾಗಿದ್ದರು. ನೆರೆಯವರು ಕೇಳಿಕೊಂಡಿದ್ದರಿಂದ ಅರ್ಲ್ ಬ್ಯಾಟರಿ ರೇಡಿಯೋವನ್ನು ಕಿಟಕಿಯಲ್ಲಿಟ್ಟರು, ಅವರೆಲ್ಲ ಹೊರಗೆ ಮರದಡಿ ನೆರೆದು ಕಿವಿಗೊಟ್ಟರು. ಮೊದಲ ಸುತ್ತಿನಲ್ಲೇ ಲೂಯಿಸ್ ಗೆದ್ದರು. ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಅರ್ಲ್ ಅವರಿಗೆ ವಿನಯದಿಂದ ಧನ್ಯವಾದ ಹೇಳಿ, ಮಣ್ಣುರಸ್ತೆಯನ್ನೂ ರೈಲುಹಳಿಯನ್ನೂ ದಾಟಿ, ಅಷ್ಟು ದೂರದ ಒಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆಯೇ ಅವರ ಸಂಭ್ರಮದ ಕೂಗು ಮುಗಿಲು ಮುಟ್ಟಿದ್ದು. ಫಲಿತಾಂಶದಿಂದ ನಿರಾಶರಾಗಿದ್ದ ಅರ್ಲ್ ಅವರ ಎದುರಿಗೆ ಸಂತೋಷವನ್ನು ತೋರಿಸಿಕೊಳ್ಳುವಂತಿರಲಿಲ್ಲ. ರೇಡಿಯೋ ಕೇಳಿಸುವ ಔದಾರ್ಯವಿದ್ದ ಆ ನೆರೆಯಲ್ಲಿ, ಗೆದ್ದವನಿಗಾಗಿ ಚಪ್ಪಾಳೆ ತಟ್ಟುವ ಸ್ವಾತಂತ್ರ್ಯವಿರಲಿಲ್ಲ.

ಜಿಮ್ಮಿಗೆ ಸುಮಾರು 14 ವರ್ಷವಾಗಿದ್ದಾಗ ಇನ್ನೊಂದು ಘಟನೆ ನಡೆಯಿತು. ಇಬ್ಬರು ಕಪ್ಪು ಗೆಳೆಯರ ಜೊತೆ ಹುಲ್ಲುಗಾವಲಿನ ಕಡೆಗೆ ಹೋಗುವಾಗ, ಅವರಿಬ್ಬರೂ ಗೇಟು ತೆರೆದು ಹಿಂದೆ ಸರಿದು, ಅವನು ಮೊದಲು ಹೋಗಲೆಂದು ನಿಂತರು. ಏನೋ ಕೀಟಲೆ ಹೂಡಿರಬೇಕೆಂದು ಅವನು ಅನುಮಾನಿಸಿದ; ಯಾವ ಕೀಟಲೆಯೂ ಇರಲಿಲ್ಲ. ದೊಡ್ಡವರಾಗುತ್ತಿದ್ದೇವೆ, ಇನ್ನು ಮೇಲೆ ಬಿಳಿಯ ಹುಡುಗನಿಗೆ ಮರ್ಯಾದೆ ಕೊಡಬೇಕು ಎಂದು ಮನೆಯಲ್ಲಿ ಅವರಿಗೆ ಹೇಳಿರಬೇಕೆಂಬುದು ಅವನಿಗೆ ಹೊಳೆದದ್ದು ಎಷ್ಟೋ ಕಾಲದ ನಂತರ. ಬಿಳಿಯ ಹುಡುಗನಿಗೆ ಅರ್ಥವಾಗಲು ವರ್ಷಗಳು ಹಿಡಿದ ಸಂಗತಿ ಅವನ ವಾರಗೆಯ ಆ ಇಬ್ಬರಿಗೆ ಅಂದೇ ಗೊತ್ತಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಇನ್ನೊಬ್ಬರ ಮನಸ್ಸನ್ನು ಅರಿಯುವ ಪಾಠ ಕೆಲವರಿಗೆ ಗುಣವಾಗಿ ಬರುತ್ತದೆ, ಕೆಲವರಿಗೆ ಬದುಕಿ ಉಳಿಯುವ ಅನಿವಾರ್ಯವಾಗಿ ಬರುತ್ತದೆ.

[ದೃಶ್ಯ: ಪ್ಲೇನ್ಸ್‌ನ ಚರ್ಚು]

1953ರಲ್ಲಿ ಅರ್ಲ್ ಸಾವಿನ ಹಾಸಿಗೆಯಲ್ಲಿದ್ದಾಗ, ಅವರಿಂದ ಗುಟ್ಟಾಗಿ ಸಹಾಯ ಪಡೆದಿದ್ದ ಬಿಳಿಯರೂ ಕಪ್ಪು ಜನರೂ ಮನೆಗೆ ಬಂದರು. ತಂದೆಯ ಈ ಮುಖವನ್ನು ಕಂಡ ಮಗ ನೌಕಾಪಡೆಯ ಕೆಲಸ ಬಿಟ್ಟು ಊರಿಗೆ ಮರಳಿದರು. ವರ್ಣಭೇದವನ್ನು ಉಳಿಸಿಕೊಳ್ಳಲು ಹುಟ್ಟಿದ್ದ ಬಿಳಿಯರ ಸಂಘಕ್ಕೆ ಸೇರಲು ನಿರಾಕರಿಸಿ, ವ್ಯಾಪಾರಕ್ಕೆ ಬಹಿಷ್ಕಾರವನ್ನೂ ಎದುರಿಸಿದರು. 1965ರಲ್ಲಿ ಕಪ್ಪು ಜನರನ್ನು ಚರ್ಚಿನೊಳಗೆ ಬಿಡಬಾರದೆಂಬ ನಿರ್ಣಯದ ವಿರುದ್ಧ ಅವರು ಎದ್ದು ಮಾತನಾಡಿದರು. ನಿರ್ಣಯದ ಪರ 54 ಮತಗಳು ಬಿದ್ದರೆ ವಿರುದ್ಧ ಬಿದ್ದದ್ದು 6 ಮಾತ್ರ, ಅವುಗಳಲ್ಲೂ ಹೆಚ್ಚಿನವು ಕಾರ್ಟರ್ ಮನೆಯವರದೇ. ಮರುವರ್ಷ, 68ರ ವಯಸ್ಸಿನಲ್ಲಿ, ಲಿಲಿಯನ್ ಅಮೆರಿಕ ಸರ್ಕಾರದ ಸೇವಾ ಸಂಸ್ಥೆಯಾದ ಪೀಸ್ ಕೋರ್‌ನ ಸ್ವಯಂಸೇವಕಿಯಾಗಿ ಭಾರತಕ್ಕೆ ಬಂದು ಮುಂಬೈಯ ವಿಕ್ರೋಲಿಯಲ್ಲಿ ರೋಗಿಗಳ ಸೇವೆಗೆ ನಿಂತರು.

ಮಗನ ದಾರಿ ಇಷ್ಟು ನೇರವಾಗಿರಲಿಲ್ಲ. 1970ರ ಗವರ್ನರ್ ಚುನಾವಣೆಯಲ್ಲಿ ಅವರು ವರ್ಣಭೇದವಾದಿಗಳ ಮತಗಳನ್ನು ಓಲೈಸಿಯೇ ಗೆದ್ದರು, ಇದನ್ನು ಮರೆಮಾಚಿ ಅವರನ್ನು ಹೊಗಳುವುದು ಸರಿಯಲ್ಲ. 1971ರ ಜನವರಿ 12ರಂದು ಪ್ರಮಾಣವಚನ ಸ್ವೀಕರಿಸಿದ ಮೇಲೆ ಜನಾಂಗ ತಾರತಮ್ಯದ ಕಾಲ ಮುಗಿಯಿತೆಂದು ಅವರು ಸಾರಿದಾಗ, ಮತ ಹಾಕಿದ್ದ ಅನೇಕರು ಬೆಚ್ಚಿಬಿದ್ದರು. 1974ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾವಚಿತ್ರವನ್ನು ಅವರು ರಾಜ್ಯದ ಆಡಳಿತಸೌಧದೊಳಗೆ ತೂಗುಹಾಕಿಸಿದರು. ಪ್ಲೇನ್ಸ್‌ನ ಆ ಚರ್ಚು ತನ್ನ ನಿರ್ಬಂಧವನ್ನು ಹಿಂತೆಗೆದುಕೊಂಡದ್ದು 1976ರ ನವೆಂಬರ್‌ನಲ್ಲಿ, ಕಾರ್ಟರ್ ದೇಶದ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ.