ಆಪ್ಷನ್ ಎಂಟ್ರಿಗೆ ಕೂರೋಕ್ಕೆ ಮುಂಚೆ

ನಮಸ್ಕಾರ ಕೇಳುಗರೇ. ನಾನು ಮೇಷ್ಟ್ರೂ ಅಲ್ಲ, ಕರಿಯರ್ ಕೌನ್ಸೆಲರ್ ಅಂತೂ ಅಲ್ವೇ ಅಲ್ಲ. ಅರಸೀಕೆರೆ ಕಡೆ ಒಂದು ಸೈಬರ್ ಸೆಂಟರ್ ಇಟ್ಕೊಂಡಿದೀನಿ, ಜೆರಾಕ್ಸು, ಪಹಣಿ, ಪಾನ್ ಕಾರ್ಡು, ರೈಲ್ವೆ ಟಿಕೆಟ್ಟು ಎಲ್ಲಾ ಮಾಡ್ಕೊಡ್ತೀನಿ. ಕಾಲೇಜ್ ಸೇರೋ ಮಕ್ಕಳಿಗೆ ಎರಡು ಮಾತು ಹೇಳಿ ಅಂತ ಕರೆದಾಗ ನಾನೇನಪ್ಪ ಹೇಳೋದು ಅನ್ನಿಸ್ತು, ಆಮೇಲೆ ಯೋಚನೆ ಮಾಡಿದ್ರೆ ಈ ಮಕ್ಕಳು ಏನು ಓದ್ಬೇಕು ಅನ್ನೋದು ಎಷ್ಟೋ ಸಲ ತೀರ್ಮಾನ ಆಗೋದೇ ನನ್ನ ಅಂಗಡಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ, ಸಿಇಟಿ ಆಪ್ಷನ್ ಎಂಟ್ರಿ ಟೈಮಲ್ಲಿ, ಅಂದ್ರೆ ಪ್ರವೇಶ ಪರೀಕ್ಷೆ ಆದ್ಮೇಲೆ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಸಾಲಾಗಿ ಕಂಪ್ಯೂಟರಲ್ಲಿ ತುಂಬೋ ಹೊತ್ತಲ್ಲಿ.

ಹೆಂಗಿರುತ್ತೆ ಅಂದ್ರೆ, ಅಪ್ಪ ಒಂದು ಕಿವಿಗೆ ಫೋನ್ ಇಟ್ಕೊಂಡು ಬೆಂಗಳೂರಲ್ಲಿರೋ ಭಾಮೈದನ್ನ ಕೇಳ್ತಿರ್ತಾರೆ, ಕಂಪ್ಯೂಟರ್ ಸೈನ್ಸ್ ಹಾಕ್ಲಾ, ಈ ಎಐ ಅಂತ ಬಂದಿದ್ಯಲ್ಲ ಅದನ್ನ ಹಾಕ್ಲಾ ಅಂತ. ಮಗಳು ಪಕ್ಕದಲ್ಲಿ ಕೂತು ಸಿಇಟಿ ಹಾಲ್ ಟಿಕೆಟ್ ಮೂಲೆ ಮಡಚ್ತಾ ಬಿಚ್ತಾ ಇರ್ತಾಳೆ. ನಿಂಗೇನಮ್ಮ ಇಷ್ಟ ಅಂತ ನಾನು ಕೇಳಿದ್ರೆ ಅಪ್ಪನ ಮುಖ ನೋಡಿ "ಯಾವ್ದಾದ್ರೂ ಹಾಕಿ ಅಣ್ಣ" ಅಂತಾಳೆ. ನಾಲ್ಕು ವರ್ಷ ಓದೋದು ಅವಳು, ಆಮೇಲೆ ಮೂವತ್ತು ವರ್ಷ ಆ ಕೆಲಸ ಮಾಡೋದೂ ಅವಳೇ.

ನಾನು ಹೇಳೋದಿಷ್ಟೇ, ಕೋರ್ಸ್ ಹೆಸರು ಕೇಳಿ ಆರಿಸ್ಬೇಡಿ, ಆ ಕೋರ್ಸ್ ಓದಿದವರು ದಿನಾ ಬೆಳಗ್ಗೆ ಎದ್ದು ಏನು ಕೆಲಸ ಮಾಡ್ತಾರೆ ಅನ್ನೋದನ್ನ ಒಂದ್ಸಲ ಕಣ್ಣಾರೆ ನೋಡ್ಕೊಂಡು ಬನ್ನಿ. ನಮ್ಮೂರಲ್ಲೇ ಎಲ್ಲಾ ಇದೆಯಲ್ಲ. ಪಶು ಆಸ್ಪತ್ರೆ ಇದೆ, ಕೋರ್ಟ್ ಇದೆ, ರಸ್ತೆ ಕೆಲಸ ನಡೀತಿರುತ್ತೆ, ಆಡಿಟರ್ ಆಫೀಸ್ ಇದೆ. ನಂಗೆ ಪ್ರಾಣಿ ಅಂದ್ರೆ ಪ್ರಾಣ ಅಂತ ವೆಟರ್ನರಿ ಹಾಕ್ಬೇಕು ಅಂತಿದ್ದ ಇಬ್ರು ಹುಡುಗೀರನ್ನ ನಾನೇ ಡಾಕ್ಟ್ರಿಗೆ ಹೇಳಿ ಕಳಿಸ್ದೆ, ಅವತ್ತು ಹಳ್ಳೀಲಿ ಒಂದು ಹಸು ಕರು ಹಾಕೋಕಾಗದೆ ಒದ್ದಾಡ್ತಿತ್ತಂತೆ, ಡಾಕ್ಟ್ರು ಭುಜದ ತನಕ ಗ್ಲೌಸ್ ಹಾಕಿ ಕೈ ಒಳಗೆ ಬಿಟ್ಟು ಅಡ್ಡ ತಿರುಗಿದ್ದ ಕರೂನ ಸರಿಮಾಡಿ ಎಳೆದಿದಾರೆ, ರಕ್ತ, ಸಗಣಿ, ಮನೆಯವರ ಗಲಾಟೆ ಬೇರೆ. ಒಬ್ಬಳು ವಾಪಸ್ ಬಂದು ಅಣ್ಣ ನಂಗೆ ಇದಾಗಲ್ಲ ಅಂದ್ಲು. ಇನ್ನೊಬ್ಬಳು ಆ ಕರು ಎದ್ದು ನಿಂತಿದ್ದನ್ನೇ ಅರ್ಧ ಗಂಟೆ ಹೇಳಿದ್ಲು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್ ಅದು, ಸೇರಿದ ಮೇಲೆ ಗೊತ್ತಾಗೋದಕ್ಕಿಂತ ಒಂದು ಬೆಳಗ್ಗೆ ಹಾಳಾದ್ರೂ ಪರ್ವಾಗಿಲ್ಲ.

ಈಗ ಆಪ್ಷನ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ಜಾಸ್ತಿ ಜನ ಎಡವೋದು. ಸೀಟ್ ಹಂಚೋ ಪರೀಕ್ಷಾ ಪ್ರಾಧಿಕಾರದ, ಅಂದ್ರೆ ಕೆಇಎ ಕಂಪ್ಯೂಟರ್ ನಿಮ್ಮ ರ‍್ಯಾಂಕ್ ಬಂದಾಗ ನಿಮ್ಮ ಲಿಸ್ಟನ್ನ ಮೇಲಿಂದ ಕೆಳಗೆ ನೋಡ್ಕೊಂಡು ಹೋಗುತ್ತೆ, ಎಲ್ಲಿ ಸೀಟ್ ಖಾಲಿ ಇದ್ಯೋ ಅಲ್ಲಿ ನಿಲ್ಲುತ್ತೆ. ಅಂದ್ರೆ ನಿಮಗೆ ಇಷ್ಟ ಇರೋದು ಮೇಲೆ ಇರ್ಬೇಕು, ಸಿಗುತ್ತೋ ಇಲ್ವೋ ಅಂತ ಹೆದರಿ ಕೆಳಗೆ ಹಾಕೋ ಹಾಗಿಲ್ಲ, ಮೇಲೆ ಹಾಕಿದ್ದು ಸಿಗದಿದ್ರೆ ಕೆಳಗಿನದಕ್ಕೆ ಏನೂ ನಷ್ಟ ಆಗಲ್ಲ. ಸುಮ್ನೆ ಇರ್ಲಿ ಅಂತ ಬೇಡದ್ದನ್ನ ಮೇಲೆ ತುಂಬೋದೇ ಅಪಾಯ. ಒಬ್ಬ ಹುಡುಗಂಗೆ ಇಷ್ಟಪಟ್ಟಿದ್ದ ಎಲೆಕ್ಟ್ರಾನಿಕ್ಸ್ ಮನೆ ಹತ್ರದ ಕಾಲೇಜಲ್ಲೇ ಮೊದಲ ರೌಂಡಲ್ಲಿ ಸಿಕ್ತು. ಚಾಯ್ಸ್ ಒಂದು ಒತ್ತಿ ಸೇರ್ಕೋಬಹುದಿತ್ತು, ನೋಡೋಣ ಇನ್ನೂ ಒಳ್ಳೇದು ಬಂದ್ರೆ ಬರ್ಲಿ ಅಂತ ಮನೆಯವರು ಚಾಯ್ಸ್ ಎರಡು ಅಂದ್ರು. ಲಿಸ್ಟಲ್ಲಿ ಅದರ ಮೇಲೆ ಯಾರೋ ಹೇಳಿದ್ರು ಅಂತ ಹಾಕಿದ್ದ ದೂರದೊಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ಇತ್ತು, ಮುಂದಿನ ರೌಂಡಲ್ಲಿ ಅದೇ ಬಂತು, ಬಂದ ತಕ್ಷಣ ಹಳೇ ಸೀಟ್ ತಾನಾಗೇ ಕ್ಯಾನ್ಸಲ್. ಮತ್ತೆ ವಾಪಸ್ ಕೊಡಿ ಅಂದ್ರೆ ಕೊಡಲ್ಲ ಅವರು. ಅದಕ್ಕೇ ಅಣಕು ಹಂಚಿಕೆ, ಮಾಕ್ ಅಲಾಟ್‌ಮೆಂಟ್ ಅಂತಾರಲ್ಲ, ನಿಜವಾದ ಹಂಚಿಕೆಗೆ ಮುಂಚೆ ಯಾವ ಸೀಟ್ ಬರಬಹುದು ಅಂತ ಸುಮ್ನೆ ತೋರಿಸೋದು, ಅದು ಬಂದ ದಿನ ದಯವಿಟ್ಟು ನೋಡಿ, ಲಿಸ್ಟ್ ತಿದ್ದೋಕೆ ಅದೇ ಒಳ್ಳೇ ಅವಕಾಶ.

ಸಿಇಟಿ ಲಿಸ್ಟಲ್ಲಿ ಇಲ್ಲದ ದಾರಿಗಳೂ ಎಷ್ಟೋ ಇವೆ, ಅವುಗಳನ್ನ ಕೇಳೋರೇ ಇಲ್ಲ. ಪಾಠ ಹೇಳೋದು ಇಷ್ಟ ಅನ್ನೋರಿಗೆ ಮೈಸೂರಿನ ಆರ್‌ಐಇ, ಅಂದ್ರೆ ಮೇಷ್ಟ್ರುಗಳನ್ನ ತಯಾರು ಮಾಡೋ ಸಂಸ್ಥೆ, ಅಲ್ಲಿ ಬಿಎಸ್ಸಿ ಬಿಎಡ್ ಎರಡೂ ಸೇರಿ ನಾಲ್ಕೇ ವರ್ಷ, ಅದಕ್ಕೆ ಬೇರೆ ಎಂಟ್ರೆನ್ಸ್. ಲಾಯರ್ ಆಗೋಕೆ ಸೈನ್ಸೇ ಬೇಕು ಅಂತೇನಿಲ್ಲ, ಆರ್ಟ್ಸ್ ಓದಿದವರೂ ಪಿಯುಸಿ ಆದ್ಮೇಲೆ ಐದು ವರ್ಷದ ಲಾ ಸೇರಬಹುದು.

ಇನ್ನು ಹತ್ತನೇ ಕ್ಲಾಸ್ ಮುಗಿಸಿರೋ ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಕೇಳ್ತಿದ್ರೆ, ಅರ್ಧ ತೀರ್ಮಾನ ಅಲ್ಲೇ ಆಗೋಗುತ್ತೆ ಸ್ವಾಮಿ. ಪಿಯುಸಿಲಿ ಪಿಸಿಎಂಸಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ತಗೊಂಡ್ರೆ ಬಯಾಲಜಿ ಇಲ್ಲ, ಆಮೇಲೆ ಬಿಎಸ್ಸಿ ಅಗ್ರಿ ಬೇಕು ಅಂತ ಅತ್ರೆ ಆಗಲ್ಲ. ಕೈಕೆಲಸದಲ್ಲಿ ಚುರುಕಾಗಿರೋ ಹುಡುಗ್ರಿಗೆ ಡಿಪ್ಲೊಮಾ ಅಂದ್ರೆ ಯಾಕೋ ಮೂಗು ಮುರೀತಾರೆ. ಜಿಟಿಟಿಸಿ ಅಂತ ಸರ್ಕಾರದ ತರಬೇತಿ ಕೇಂದ್ರ ಇದೆ, ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದ್ರೆ ಫ್ಯಾಕ್ಟರಿಗೆ ಬೇಕಾದ ಅಚ್ಚು, ಉಪಕರಣ ಮಾಡೋ ಕೆಲಸ, ಮೂರು ವರ್ಷ ಕಲಿತು ನಾಲ್ಕನೇ ವರ್ಷ ಫ್ಯಾಕ್ಟರೀಲೇ ಟ್ರೇನಿಂಗ್ ಮಾಡ್ತಾರೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ, ಅಂದ್ರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದ್ರೆ ಇಂಜಿನಿಯರಿಂಗ್‌ಗೆ ನೇರ ಎರಡನೇ ವರ್ಷಕ್ಕೂ ಸೇರಬಹುದು. ದಾರಿ ಮುಚ್ಚೋಯ್ತು ಅನ್ನೋದು ಸುಳ್ಳು.

ಅಪ್ಪಂದಿರ ಭಯ ನಂಗೆ ಅರ್ಥ ಆಗುತ್ತೆ, ಫೀಸ್ ಕಟ್ಟೋರು ಅವರು, ಸಾಲ ತೀರಿಸೋರೂ ಅವರೇ. ದುಡ್ಡಿನ ಲೆಕ್ಕ ಮುಚ್ಚಿಡಬೇಡಿ, ಇಷ್ಟೇ ಆಗೋದು ನಮ್ಮ ಕೈಲಿ ಅಂತ ಮಕ್ಕಳಿಗೆ ಬಾಯ್ಬಿಟ್ಟು ಹೇಳಿ, ಹಾಸ್ಟೆಲ್ ಖರ್ಚೂ ಸೇರ್ಸಿ. ಆಮೇಲೆ ಊಟ ಆದ್ಮೇಲೆ ಟಿವಿ ಆರಿಸಿ ಎಲ್ರೂ ಕೂತು ಒಂದು ಹಾಳೇಲಿ ಲಿಸ್ಟ್ ಬರೀರಿ, ಮೊದಲು ಬರೆಯೋದು ಓದೋ ಮಗುನೇ ಆಗಿರ್ಲಿ, ಭಾಮೈದಂಗೆ ಫೋನ್ ಮಾಡೋದು ಅದಾದ್ಮೇಲೆ. ಆ ಹಾಳೆ ತಗೊಂಡು ಬಂದ್ರೆ ಕಾಲೇಜ್ ಕೋಡು ಕೋರ್ಸ್ ಕೋಡು ಹಾಕೋಕೆ ನಂಗೆ ಹತ್ತು ನಿಮಿಷ ಸಾಕು. ಕೊನೇ ದಿನ ಸಾಯಂಕಾಲ ಮಾತ್ರ ಬರಬೇಡ್ರಪ್ಪ, ಸರ್ವರ್ ಸುತ್ತುತ್ತಾ ಕೂತಿರುತ್ತೆ, ಕ್ಯೂ ರಸ್ತೆ ತನಕ ಇರುತ್ತೆ. ಹಾಂ, ಓಟಿಪಿ ಬರೋ ಮೊಬೈಲನ್ನ ಮನೇಲಿ ಚಾರ್ಜಿಗೆ ಹಾಕ್ಬಿಟ್ಟು ಬರೋರು ಪ್ರತೀ ವರ್ಷ ಇದ್ದೇ ಇರ್ತಾರೆ, ಅದನ್ನೂ ಜೇಬಲ್ಲಿಟ್ಕೊಂಡು ಬನ್ನಿ. ನಮಸ್ಕಾರ.