ಪಾಸ್‌ವರ್ಡ್ ಬೇಡ, ಫೋಲ್ಡರ್ ಹಂಚಿ

ಮಾನ್ಯ ಕೇಳುಗರಿಗೆ ನಮಸ್ಕಾರ. ಮಂಗಳೂರು ಮತ್ತು ಉಡುಪಿಯ ಸಣ್ಣ ಕಚೇರಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಗೇರುಬೀಜದ ಕಾರ್ಖಾನೆಗಳಲ್ಲಿ ‘ಕಂಪ್ಯೂಟರ್ ಗೊತ್ತಿರುವವರು’ ಎಂಬ ಒಂದೇ ಕಾರಣಕ್ಕೆ ಇ-ಮೇಲ್ ಸರ್ವರಿನ ಹೊಣೆ ಹೊತ್ತವರನ್ನು ನೆನೆದು ಈ ಮಾತುಗಳನ್ನು ಆಡುತ್ತಿದ್ದೇನೆ. ಹೇಳಬೇಕಾದದ್ದು ಒಂದೇ: ಪಾಸ್‌ವರ್ಡ್ ಹಂಚಬೇಡಿ, ಫೋಲ್ಡರ್ ಹಂಚಿ.

ಬಂದರಿನ ಸಮೀಪದ ಒಂದು ಸರಕು ಸಾಗಣೆ ಕಚೇರಿ, ಹೆಸರು ಬೇಡ. ಅಲ್ಲಿ ಆಮದು ವಿಭಾಗಕ್ಕೆಂದು ಒಂದು ಇ-ಮೇಲ್ ಖಾತೆಯಿತ್ತು. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದರು, ನಾಲ್ವರು ಗುಮಾಸ್ತರೂ ಅದನ್ನೇ ಬಳಸುತ್ತಿದ್ದರು. ಒಂದು ಶನಿವಾರ ಸಂಜೆ, ಪಣಂಬೂರಿಗೆ ಕಂಟೇನರ್ ಬರಲಿದೆಯೆಂಬ ಸೂಚನೆ ಹಡಗು ಕಂಪನಿಯಿಂದ ಬಂದಿತು. ಮನೆಗೆ ಹೊರಟಿದ್ದ ಗುಮಾಸ್ತರೊಬ್ಬರು ಸುರತ್ಕಲ್ ಬಸ್ಸಿನಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆರೆದು ಅದನ್ನು ಓದಿದರು. ಸೋಮವಾರ ನೋಡಿದರಾಯಿತೆಂದು ಮುಚ್ಚಿದರು. ಅಷ್ಟಕ್ಕೇ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿದ್ದ ಆ ಸಾಲು ತೆಳುವಾಯಿತು. ಸೋಮವಾರ ಅವರಿಗೆ ಜ್ವರ. ಉಳಿದ ಮೂವರೂ ತೆಳುವಾದ ಅಕ್ಷರ ನೋಡಿ, ಯಾರೋ ವಿಚಾರಿಸಿಕೊಂಡಿದ್ದಾರೆಂದು ಸುಮ್ಮನಾದರು. ಕಂಟೇನರ್ ಬಿಡಿಸಿಕೊಳ್ಳುವ ಉಚಿತ ಅವಧಿ ಮುಗಿದು, ತಡಕ್ಕೆ ತೆರಬೇಕಾದ ಡೆಮರೇಜ್ ಶುಲ್ಕ ಏರತೊಡಗಿದ ಮೇಲೆ ಮಾಲೀಕರು ‘ಇದನ್ನು ಓದಿದವರು ಯಾರು?’ ಎಂದು ಗುಡುಗಿದರೆ, ಸರ್ವರಿನ ದಾಖಲೆಯಲ್ಲಿ ನಾಲ್ವರಿಗೂ ಒಂದೇ ಹೆಸರು! ನನ್ನನ್ನು ಕರೆಸಿದ್ದು ಆಗ. ಹುಡುಕುತ್ತ ಹೋದರೆ, ಎಂದೋ ಕೆಲಸ ಬಿಟ್ಟಿದ್ದ ಹುಡುಗನ ಫೋನಿನಲ್ಲಿಯೂ ಆ ಖಾತೆ ತೆರೆದೇ ಇತ್ತು. ‘ಪಾಸ್‌ವರ್ಡ್ ಬದಲಿಸಿಬಿಡೋಣ’ ಎನ್ನುತ್ತ ಮಾಲೀಕರು ಹೊಸ ಚೀಟಿಗೆ ಕೈಹಾಕಿದಾಗ, ನಿಜ ಹೇಳುತ್ತೇನೆ, ನನ್ನ ತಾಳ್ಮೆ ತಪ್ಪಿತು.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರಲಿ. ಆಮದು ವಿಭಾಗದ ಪತ್ರಗಳು ಒಂದು ಹಂಚಿಕೆಯ ಫೋಲ್ಡರಿಗೆ ಬಂದು ಬೀಳಲಿ. ಆ ಫೋಲ್ಡರಿನಲ್ಲಿ ಯಾರು ಏನು ಮಾಡಬಹುದೆಂಬುದನ್ನು ಸರ್ವರಿನಲ್ಲಿಯೇ ನಿಗದಿಪಡಿಸಿ. ಸರ್ವರಿನಲ್ಲಿರುವ ಪತ್ರಗಳನ್ನು ಓದಲು ಬಳಸುವ ಐಮ್ಯಾಪ್ ಪದ್ಧತಿಯಲ್ಲಿ ಇದಕ್ಕೆ 1997ರಿಂದಲೇ ನಿಯಮಗಳಿವೆ, 2005ರಲ್ಲಿ ಅವು ಪರಿಷ್ಕೃತಗೊಂಡವು. ಡವ್‌ಕಾಟ್, ಸೈರಸ್‌ನಂತಹ ಸರ್ವರುಗಳು ಅವನ್ನು ಪಾಲಿಸುತ್ತವೆ. ಒಂದೊಂದು ಅನುಮತಿಗೆ ಒಂದೊಂದು ಅಕ್ಷರ. ಎಲ್ ಎಂದರೆ ಫೋಲ್ಡರ್ ಪಟ್ಟಿಯಲ್ಲಿ ಕಾಣುವುದು, ಆರ್ ಎಂದರೆ ಓದುವುದು, ಎಸ್ ಎಂದರೆ ಓದಿದ ಗುರುತು ಉಳಿಯುವುದು, ಡಬ್ಲ್ಯೂ ಎಂದರೆ ‘ಉತ್ತರಿಸಲಾಗಿದೆ’ ಎಂಬಂತಹ ಉಳಿದ ಗುರುತುಗಳನ್ನು ಹಾಕುವುದು. ಗುಮಾಸ್ತರಿಗೆ ಈ ನಾಲ್ಕು ಸಾಕು. ಅಳಿಸಲು ಬೇಕಾದ ಟಿ ಮತ್ತು ಇ ವಿಭಾಗದ ಮುಖ್ಯಸ್ಥರಿಗಿರಲಿ. ಅನುಮತಿಗಳನ್ನೇ ಬದಲಿಸುವ ಎ ನಿಮ್ಮ ಬಳಿ ಮಾತ್ರ ಇರಲಿ.

ಆ ಕಚೇರಿಯ ತೆಳು ಅಕ್ಷರದ ತೊಂದರೆಗೂ ಇಲ್ಲಿಯೇ ಪರಿಹಾರವಿದೆ. ಸೈರಸ್‌ನಲ್ಲಿ ಓದಿದ ಗುರುತು ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿರುತ್ತದೆ. ಡವ್‌ಕಾಟ್‌ನಲ್ಲಿ ಅದನ್ನು ಬೇರೆಯಾಗಿ ಹೊಂದಿಸಬೇಕು. ಹಾಗೆ ಮಾಡಿದರೆ ಬಸ್ಸಿನಲ್ಲಿ ಒಬ್ಬರು ಓದಿದ ಪತ್ರ ಉಳಿದವರಿಗೆ ದಪ್ಪಕ್ಷರದಲ್ಲಿಯೇ ಕಾಣುತ್ತದೆ, ಉತ್ತರಿಸಿದ ಗುರುತು ಮಾತ್ರ ಎಲ್ಲರಿಗೂ ಕಾಣುತ್ತದೆ.

ಸಮಯ ಮುಗಿಯಿತೆಂದು ಗಾಜಿನಾಚೆಯಿಂದ ಸನ್ನೆ ಬರುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅನುಮತಿಯನ್ನು ವ್ಯಕ್ತಿಯ ಹೆಸರಿಗೆ ಕೊಡದೆ ಗುಂಪಿಗೆ ಕೊಡಿ. ಹೊಸಬರು ಬಂದರೆ ಗುಂಪಿಗೆ ಸೇರಿಸಿ, ಬಿಟ್ಟು ಹೋದವರನ್ನು ಅಂದೇ ತೆಗೆಯಿರಿ. ‘ಎನಿವನ್’, ಅಂದರೆ ‘ಯಾರಾದರೂ’, ಎಂಬ ಹೆಸರಿಗೆ ಏನನ್ನೂ ಕೊಡಬೇಡಿ. ಮತ್ತೆ ಹೇಳುತ್ತೇನೆ, ಪಾಸ್‌ವರ್ಡ್ ಹಂಚಬೇಡಿ. ಅನುಮತಿ ಕೊಟ್ಟರೂ ಫೋಲ್ಡರ್ ಕಾಣುತ್ತಿಲ್ಲವೆಂದು ಗುಮಾಸ್ತರು ದೂರಿದರೆ, ಇ-ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ಖಾತೆಯ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಸಬ್‌ಸ್ಕ್ರೈಬ್’ ಆರಿಸಿ, ಆ ಫೋಲ್ಡರಿಗೆ ಗುರುತು ಹಾಕಲು ತಿಳಿಸಿ. ಅಲ್ಲಿಯೂ ಹೆಸರು ಇಲ್ಲದಿದ್ದರೆ ಬಹುಶಃ ನೀವು ಎಲ್ ಕೊಡಲು ಮರೆತಿದ್ದೀರಿ. ನಮಸ್ಕಾರ.