ಎರಡು ದಿನಕ್ಕೆ ಫ್ಲಾರೆನ್ಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಇಟಲಿಗೆ ಹೊರಟವರು ರೋಮ್ ಮತ್ತು ವೆನಿಸ್‌ಗೆ ಧಾರಾಳವಾಗಿ ದಿನ ಕೊಡುತ್ತಾರೆ. ಎರಡರ ನಡುವೆ ಇರುವ ಫ್ಲಾರೆನ್ಸ್‌ಗೆ ಮಾತ್ರ ಅರ್ಧ ದಿನ. ಬಸ್ಸಿಂದ ಇಳಿಯುವುದು, ಗುಡ್ಡದ ಮೇಲಿಂದ ಊರಿನ ಫೋಟೋ ತೆಗೆಯುವುದು, ದೊಡ್ಡ ಚರ್ಚಿನ ಮುಂದೆ ನಿಂತು ಇನ್ನೊಂದು ಫೋಟೋ, ಮತ್ತೆ ಬಸ್ಸು. ಅಷ್ಟು ದುಡ್ಡು ಖರ್ಚು ಮಾಡಿ ಅಷ್ಟು ದೂರ ಹೋದವರು ಹೀಗೆ ವಾಪಸ್ ಬರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೂರ್ತಿ ಎರಡು ದಿನ, ಒಂದೆರಡು ರಾತ್ರಿ ಈ ಊರಿಗೆ ಕೊಡಿ. ಆ ಎರಡು ದಿನವನ್ನು ಹೇಗೆ ಜೋಡಿಸಿಕೊಳ್ಳಬಹುದು ಅನ್ನುವುದೇ ಇವತ್ತಿನ ಮಾತು.

ಮೊದಲಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಫ್ಲಾರೆನ್ಸ್‌ನಲ್ಲಿ ಮ್ಯೂಸಿಯಂಗಳು ಬೇಕಾದಷ್ಟಿವೆ. ಆದರೆ ದೊಡ್ಡ ಮ್ಯೂಸಿಯಂಗಳು ಜಗತ್ತಿನ ಬೇರೆ ಊರುಗಳಲ್ಲೂ ಇವೆ. ಈ ಊರಿನ ವಿಶೇಷ ಬೇರೆ. ಆರುನೂರು ವರ್ಷದ ಹಿಂದೆ ಯಾವ ಗೋಡೆಗೆ ಅಂತ ಚಿತ್ರ ಬರೆದರೋ, ಅದು ಇವತ್ತಿಗೂ ಅದೇ ಗೋಡೆಯ ಮೇಲಿದೆ. ಯಾವ ಕಿಟಕಿಯ ಬೆಳಕು ನೋಡಿಕೊಂಡು ಬಣ್ಣ ಹಚ್ಚಿದರೋ, ಅದೇ ಕಿಟಕಿಯಿಂದ ಬೆಳಕು ಬೀಳುತ್ತದೆ. ಕಡಿಮೆ ಸಮಯ ಇರುವವರು ಇಂಥ ಜಾಗಗಳನ್ನು ಮೊದಲು ಆರಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವೀಸಾ, ಪ್ರಯಾಣದ ಮಾತು ಬೇಗ ಮುಗಿಸೋಣ. ನಮಗೆ ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಊರಿಗೆ ರೈಲಿನಲ್ಲಿ ಬರುವುದೇ ಸುಖ. ವೇಗದ ರೈಲು ರೋಮಿನಿಂದ ಸುಮಾರು ಒಂದೂವರೆ ಗಂಟೆ, ವೆನಿಸ್‌ನಿಂದ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಲ್ಲಿ ಇಳಿದರೆ ಊರಿನ ಮಧ್ಯಕ್ಕೇ ಬಂದಂತೆ. ದೊಡ್ಡ ಚರ್ಚಿಗೆ ಹತ್ತು ಹದಿನೈದು ನಿಮಿಷದ ನಡಿಗೆ. ಬಾಡಿಗೆ ಕಾರು ಮಾತ್ರ ಬೇಡವೇ ಬೇಡ. ಹಳೆ ಊರಿನೊಳಗೆ ಅನುಮತಿ ಇಲ್ಲದ ವಾಹನ ಬಂದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಕಾಗದ ಆಮೇಲೆ ನಿಧಾನವಾಗಿ ಮನೆಗೆ ಬರುತ್ತದೆ.

ಯಾವ ವಾರ ಹೋಗುತ್ತೀರಿ ಅನ್ನುವುದಕ್ಕಿಂತ ಯಾವ ವಾರದ ದಿನ ಹೋಗುತ್ತೀರಿ ಅನ್ನುವುದು ಇಲ್ಲಿ ದೊಡ್ಡದು. ಊರಿನ ಎರಡು ಹೆಸರಾಂತ ಮ್ಯೂಸಿಯಂಗಳಾದ ಉಫೀತ್ಸಿ ಮತ್ತು ಅಕಾದೆಮಿಯಾ, ಎರಡೂ ಸೋಮವಾರ ರಜೆ. ನಾನು ಆಮೇಲೆ ಹೇಳಲಿರುವ ಬ್ರಾಂಕಾಚಿ ಪ್ರಾರ್ಥನಾ ಮಂದಿರಕ್ಕೆ ಮಂಗಳವಾರ ರಜೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಹಾಗಾಗಿ ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ಬುಧವಾರ, ಗುರುವಾರ ಸಿಕ್ಕಿದರೆ ಅದೇ ಒಳ್ಳೆಯದು. ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹಿತ. ಜುಲೈ, ಆಗಸ್ಟ್‌ನಲ್ಲಿ ಕಲ್ಲಿನ ಬೀದಿಗಳು ಕಾದು ಕೆಂಡವಾಗಿರುತ್ತವೆ.

ಮೊದಲ ದಿನ ಬೆಳಿಗ್ಗೆ ಆ ದೊಡ್ಡ ಚರ್ಚಿನ, ಅಂದರೆ ಸಾಂತಾ ಮರಿಯಾ ದೆಲ್ ಫಿಯೋರೆಯ, ಗುಮ್ಮಟ ಹತ್ತಿ.

ಈ ಚರ್ಚಿಗೆ ಅಡಿಪಾಯ ಬಿದ್ದಿದ್ದು 1296ರಲ್ಲಿ. ಗೋಡೆ ಎದ್ದವು. ಆದರೆ ಮೇಲೆ ಸುಮಾರು 45 ಮೀಟರ್ ಅಗಲದ ಬಾಯಿ ಹಾಗೇ ಆಕಾಶಕ್ಕೆ ತೆರೆದುಕೊಂಡಿತ್ತು. ಅಷ್ಟು ದೊಡ್ಡ ಗುಮ್ಮಟ ಕಟ್ಟಬೇಕಾದರೆ ಕೆಳಗಿನಿಂದ ಮರದ ಆಸರೆ ಕೊಡಬೇಕು. ಅಷ್ಟು ಮರ ಎಲ್ಲಿಂದ ತರುವುದು? ಫಿಲಿಪ್ಪೊ ಬ್ರುನೆಲೆಸ್ಕಿ ಅನ್ನುವವನು ನೆಲದಿಂದ ಆಸರೆಯೇ ಇಲ್ಲದೆ ಕಟ್ಟುತ್ತೇನೆ ಅಂದ. ಅವನು ಕಲಿತ ಕಸುಬು ಅಕ್ಕಸಾಲಿಯದು. 1420ರಲ್ಲಿ ಕೆಲಸ ಶುರುವಾಯಿತು, 1436ಕ್ಕೆ ಗುಮ್ಮಟ ಮುಚ್ಚಿಕೊಂಡಿತು. ಇಟ್ಟಿಗೆ ಗಾರೆಯ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದು.

ಒಟ್ಟು 463 ಮೆಟ್ಟಿಲು. ಲಿಫ್ಟ್ ಇಲ್ಲ. ಈ ಗುಮ್ಮಟ ಒಂದರೊಳಗೊಂದು ಎರಡು ಚಿಪ್ಪು. ನಾವು ಹತ್ತುವುದು ಆ ಎರಡರ ನಡುವಿನ ಸಂದಿಯಲ್ಲಿ. ಮೇಲೆ ಹೋಗುತ್ತಾ ಗೋಡೆ ನಿಮ್ಮ ಕಡೆಗೆ ವಾಲಿಕೊಂಡು ಬರುತ್ತದೆ, ಮೈ ಬಾಗಿಸಿ ನಡೆಯಬೇಕು. ಅಲ್ಲಿ ಒಂದು ಗಳಿಗೆ ನಿಂತು ಇಟ್ಟಿಗೆ ನೋಡಿ. ಎಲ್ಲ ಇಟ್ಟಿಗೆಯನ್ನೂ ಮಲಗಿಸಿಲ್ಲ. ಸಾಲಿನ ನಡುನಡುವೆ ಒಂದೊಂದನ್ನು ಎತ್ತಿ ನಿಲ್ಲಿಸಿದ್ದಾರೆ. ಮೀನಿನ ಮುಳ್ಳಿನ ಹಾಗೆ ಅದು ಸುತ್ತುತ್ತಾ ಮೇಲೇರುತ್ತದೆ. ಗಾರೆ ಇನ್ನೂ ಹಸಿ ಇರುವಾಗ ಪಕ್ಕದ ಇಟ್ಟಿಗೆಗಳು ಜಾರದಂತೆ ತಡೆಯುವುದು ಈ ನಿಂತ ಇಟ್ಟಿಗೆಗಳ ಕೆಲಸ. ಆಸರೆ ಇಲ್ಲದೆ ಗುಮ್ಮಟ ಎದ್ದು ನಿಂತಿದ್ದರ ಗುಟ್ಟಿನಲ್ಲಿ ಇದೂ ಒಂದು, ನಿಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. ತುದಿಯಿಂದ ಕಾಣುವ ಕೆಂಪು ಹೆಂಚಿನ ಊರು ಚಂದವೇ. ಆದರೆ ನನಗೆ ಹೆಚ್ಚು ಇಷ್ಟ ಈ ಇಕ್ಕಟ್ಟಿನ ದಾರಿ.

ಹೃದಯದ ತೊಂದರೆ, ಮಂಡಿ ನೋವು, ಇಕ್ಕಟ್ಟಾದ ಜಾಗದ ಭಯ ಇದ್ದವರು ದಯವಿಟ್ಟು ಹತ್ತಬೇಡಿ. ಹಿರಿಯರನ್ನು ಸುಮ್ನೆ ಹುರಿದುಂಬಿಸಲೂ ಬೇಡಿ. ಅರ್ಧ ದಾರಿಯಲ್ಲಿ ತಿರುಗಿ ಬರುವುದು ಸುಲಭವಲ್ಲ. ಅಂಥವರಿಗೆ ಚರ್ಚಿನ ಹಿಂಬದಿಯ ಮ್ಯೂಸಿಯಂ ಇದೆ. ಗುಮ್ಮಟ ಹತ್ತಿ ಬಂದವರೂ ಅಲ್ಲಿಗೆ ಹೋಗಲೇಬೇಕು. ಬ್ರುನೆಲೆಸ್ಕಿ ಕಾಲದ ಮರದ ಮಾದರಿಗಳು, ಕೆಲಸಗಾರರ ಸಲಕರಣೆಗಳು ಅಲ್ಲಿವೆ. ಚರ್ಚಿನ ಎದುರಿನ ದೀಕ್ಷಾಸ್ನಾನದ ಮಂದಿರಕ್ಕೆ ಅಂತ ಲೊರೆಂಜೊ ಗಿಬೆರ್ತಿ 27 ವರ್ಷ ಕೂತು ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲುಗಳ ಅಸಲಿಯೂ ಅಲ್ಲೇ ಇದೆ. ಹೊರಗೆ ಜನ ಮುಗಿಬಿದ್ದು ಫೋಟೋ ತೆಗೆಯುವುದು ನಕಲಿನದು.

ಗುಮ್ಮಟಕ್ಕೆ ದಿನ, ಗಂಟೆ ಮೊದಲೇ ಕಾಯ್ದಿರಿಸಲೇಬೇಕು. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ವಿಮಾನದ ಟಿಕೆಟ್ ಆದಮೇಲೆ ನೀವು ಮಾಡಬೇಕಾದ ಮೊದಲ ಕೆಲಸ ಇದೇ. ಚರ್ಚಿನ ಅಧಿಕೃತ ತಾಣದಲ್ಲೇ ಮಾಡಿ, ಮಧ್ಯವರ್ತಿಗಳು ಜಾಸ್ತಿ ಕೀಳುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಇನ್ನು ಉಫೀತ್ಸಿಯೋ, ಡೇವಿಡ್ ಇರುವ ಅಕಾದೆಮಿಯಾನೋ ಅನ್ನುವ ಪ್ರಶ್ನೆ. ಎರಡು ದಿನದಲ್ಲಿ ಒಂದೇ ಸಾಕು. ಚಿತ್ರಕಲೆ ಅಂದರೆ ಪ್ರಾಣ ಅನ್ನುವವರು ಉಫೀತ್ಸಿಗೆ ಹೋಗಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಅಕಾದೆಮಿಯಾ ವಾಸಿ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಐದು ಮೀಟರ್ ಮೀರಿದ ಆ ಡೇವಿಡ್ ವಿಗ್ರಹವನ್ನು ಮೈಕೆಲಾಂಜೆಲೊ 1504ರಲ್ಲಿ ಮುಗಿಸಿದ. ಬೇರೆಯವರು ಕೆತ್ತಲು ಹೋಗಿ ಕೈಬಿಟ್ಟಿದ್ದ ಬಂಡೆ ಅದು. ಅದರ ಮುಂದೆ ನಿಲ್ಲಿ ಅಂತ ಯಾರೂ ಹೇಳಬೇಕಿಲ್ಲ. ನಾನು ಹೇಳುವುದು, ಅಲ್ಲಿಗೆ ಹೋಗುವ ಹಜಾರದಲ್ಲೂ ನಿಲ್ಲಿ. ಅವನೇ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳ ವಿಗ್ರಹಗಳು ಅಲ್ಲಿವೆ. ಕಲ್ಲಿನಿಂದ ಮೈ ಬಿಡಿಸಿಕೊಳ್ಳಲು ಹೆಣಗುತ್ತಿರುವ ಆಳುಗಳು, ಮೈಮೇಲೆಲ್ಲ ಚಾಣದ ಗೀರು. ಕೆಲಸ ಹೇಗೆ ಸಾಗುತ್ತಿತ್ತು ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ.

ಎರಡನೆಯ ದಿನದ ಬೆಳಿಗ್ಗೆಯನ್ನು ಸಾನ್ ಮಾರ್ಕೊಗೆ ಮೀಸಲಿಡಿ. ಇದು ಸನ್ಯಾಸಿಗಳ ಮಠವಾಗಿತ್ತು. ಕೊಸಿಮೊ ದೆ ಮೆದಿಚಿ ಅನ್ನುವ ದೊಡ್ಡ ಸಾಹುಕಾರ ದುಡ್ಡು ಕೊಟ್ಟು ಇದನ್ನು ಹೊಸದಾಗಿ ಕಟ್ಟಿಸಿದ. 1440ರ ಆಸುಪಾಸಿನಲ್ಲಿ ಅಲ್ಲೇ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ ತನ್ನ ಜೊತೆಗಾರರನ್ನು ಸೇರಿಸಿಕೊಂಡು ಮಹಡಿಯ ಕೋಣೆಕೋಣೆಗೂ ಚಿತ್ರ ಬರೆದ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕ್ರಮ ಅದು. ಗಾರೆ ಒಣಗುವುದರೊಳಗೆ ಮುಗಿಸಬೇಕು. ಆಮೇಲೆ ಬಣ್ಣವೂ ಗೋಡೆಯೂ ಒಂದೇ.

ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಎದುರಿಗೇ ಮೇರಿಗೆ ದೇವದೂತ ಸುದ್ದಿ ತಂದ ಚಿತ್ರ. ಆಮೇಲೆ ಸಾಲು ಕೋಣೆಗಳು. ಬರೀ ಸುಣ್ಣದ ಗೋಡೆ, ಒಂದು ಚಿಕ್ಕ ಕಿಟಕಿ, ಒಂದು ಚಿತ್ರ. ಏಳನೆಯ ಕೋಣೆಯಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಯೇಸುವನ್ನು ಸೈನಿಕರು ಹಂಗಿಸಿ ಹೊಡೆದ ಕಥೆ. ಆದರೆ ಸೈನಿಕರೇ ಇಲ್ಲ! ಗಾಳಿಯಲ್ಲಿ ತೇಲುವ ಕೈಗಳು, ಒಂದು ಕೈಯಲ್ಲಿ ಕೋಲು. ಉಗುಳುತ್ತಿರುವ ಒಂದು ತಲೆ, ಮೈಯಿಲ್ಲ. ನಡುವೆ ಕಣ್ಣಿಗೆ ತೆಳು ಬಟ್ಟೆ ಕಟ್ಟಿಸಿಕೊಂಡು ಕೂತ ಯೇಸು. ಬಟ್ಟೆಯ ಹಿಂದೆ ಮುಚ್ಚಿದ ಕಣ್ಣು ಕಾಣುತ್ತದೆ. ಕೆಳಗೆ ಮೇರಿ ಒಂದು ಕಡೆ, ಈ ಸನ್ಯಾಸಿಗಳ ಪಂಥ ಕಟ್ಟಿದ ಸಂತ ದೊಮಿನಿಕ್ ಇನ್ನೊಂದು ಕಡೆ. ಇಬ್ಬರೂ ಮೇಲೆ ನೋಡುತ್ತಿಲ್ಲ. ದೊಮಿನಿಕ್ ಪುಸ್ತಕದಲ್ಲಿ ಮುಳುಗಿದ್ದಾನೆ. ಓದಿದ್ದು ಅವನ ಮನಸ್ಸಿನಲ್ಲಿ ಹೇಗೆ ಮೂಡಿತೋ ಅದೇ ಅಲ್ಲಿ ಮೇಲೆ ಇರುವುದು ಅಂತ ನನಗೆ ಅನ್ನಿಸುತ್ತದೆ. ಒಬ್ಬನೇ ಒಬ್ಬ ಸನ್ಯಾಸಿ ದಿನವೂ ನೋಡಲಿ ಅಂತ ಬರೆದ ಚಿತ್ರ ಇದು. ಆ ಕೋಣೆಯಲ್ಲಿ ನಿಂತು ನೋಡಿದರೆ ಮಾತ್ರ ಅದು ಅರ್ಥ ಆಗುತ್ತದೆ ಅಲ್ವಾ? ಅದಕ್ಕೇ ಇಂಥ ಜಾಗಗಳನ್ನು ಮೊದಲು ಆರಿಸಿಕೊಳ್ಳಿ ಅಂತ ನಾನು ಆಗಲೇ ಹೇಳಿದ್ದು.

ಮಧ್ಯಾಹ್ನ ನದಿ ದಾಟಿ ಆಚೆ ದಡಕ್ಕೆ ಹೋಗಿ. ಅಲ್ಲಿ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನ ಮೂಲೆಯಲ್ಲಿ ಬ್ರಾಂಕಾಚಿ ಮಂದಿರ. ಮಸಾಚೊ ಅನ್ನುವ ಹುಡುಗ 1420ರ ದಶಕದಲ್ಲಿ ಇಲ್ಲಿ ಗೋಡೆ ಬರೆದ. 1428ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಬೈಬಲ್ ಕಥೆಯ ಏದೆನ್ ತೋಟದಿಂದ ಹೊರಗೆ ಹಾಕಿಸಿಕೊಂಡ ಆದಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ. ಹವ್ವ ತಲೆ ಎತ್ತಿ ಬಾಯಿಬಿಟ್ಟು ಅಳುತ್ತಿದ್ದಾಳೆ. ಇಂಥ ಅಳು ಅದಕ್ಕೆ ಮೊದಲು ಗೋಡೆಯ ಮೇಲೆ ಕಾಣುವುದು ಅಪರೂಪ. ಮೈಕೆಲಾಂಜೆಲೊ ಚಿಕ್ಕವನಿದ್ದಾಗ ಇಲ್ಲಿಗೆ ಬಂದು ಇವನ್ನು ನೋಡಿ ನೋಡಿ ಬರೆದು ಕಲಿತ. ಒಳಗೆ ಕೆಲವೇ ಜನರನ್ನು, ಗೊತ್ತಾದ ಹೊತ್ತಿಗೆ ಬಿಡುತ್ತಾರೆ. ಇದನ್ನೂ ಮೊದಲೇ ಕಾಯ್ದಿರಿಸಿ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ರಿಬೊಲ್ಲೀತಾ ಅಂತ ಒಂದಿದೆ. ಹಳೆ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಎಲೆಕೋಸು ಹಾಕಿ ಬೇಯಿಸಿದ್ದು, ಹೊಟ್ಟೆ ತುಂಬುತ್ತದೆ. ಪಪ್ಪಾ ಅಲ್ ಪೊಮೊದೊರೊ ಅಂದರೆ ಟೊಮೆಟೊದಲ್ಲಿ ಬೆಂದ ಬ್ರೆಡ್ಡು. ಆದರೆ ಮಾಂಸ ಬೇಯಿಸಿದ ನೀರು ಹಾಕಿದ್ದೀರಾ ಅಂತ ಕೇಳಿಕೊಳ್ಳಿ. 'ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಪಾರ್ಮೆಸಾನ್ ಗಿಣ್ಣಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ, ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ. ಬೀದಿ ಗಾಡಿಯಲ್ಲಿ ಮಾರುವ ಲಾಂಪ್ರೆದೊತ್ತೊ ದನದ ಜಠರದ್ದು. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಬಿಲ್ಲಿನಲ್ಲಿ ತಲೆಗಿಷ್ಟು ಅಂತ ಕೊಪೆರ್ತೊ ಸೇರಿಸಿರುತ್ತಾರೆ, ಕೂತ ಜಾಗ ಮತ್ತು ಬ್ರೆಡ್ಡಿನ ಲೆಕ್ಕ ಅದು. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ.

ಎರಡನೆಯ ಸಂಜೆಗೆ ನಾನು ಹೇಳುವ ಜಾಗ ಪ್ರವಾಸಿ ಪಟ್ಟಿಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಊರಿನ ಪಶ್ಚಿಮಕ್ಕೆ ಆರ್ನೊ ನದಿಯ ದಂಡೆಯಲ್ಲಿ ಕಾಶೀನೆ ಅನ್ನುವ ಉದ್ದನೆಯ ಪಾರ್ಕ್ ಇದೆ. ಅದರ ಕೊನೆಯ ತುದಿಯಲ್ಲಿ ಮಂಟಪದ ಕೆಳಗೆ ಪೇಟ ತೊಟ್ಟ ತರುಣನ ಬಣ್ಣದ ಪ್ರತಿಮೆ. ಅವನು ನಮ್ಮ ಬೆಳಗಾವಿಯ ಪಕ್ಕದ ಕೊಲ್ಲಾಪುರದ ರಾಜ, ರಾಜಾರಾಮ ಛತ್ರಪತಿ. 1870ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಪಸ್ ಬರುವಾಗ ಫ್ಲಾರೆನ್ಸ್‌ನಲ್ಲಿ ಕಾಯಿಲೆ ಬಿದ್ದು, ನವೆಂಬರ್ 30ರಂದು ತೀರಿಕೊಂಡ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಹೆಣ ಸುಡುವ ರೂಢಿಯೇ ಇಲ್ಲದ ಊರಿನಲ್ಲಿ, ಮುನ್ಯೋನೆ ಹೊಳೆ ಬಂದು ಆರ್ನೊವನ್ನು ಸೇರುವ ಸಂಗಮದಲ್ಲಿ ಹಿಂದೂ ವಿಧಿಯಂತೆ ದಹನ ನಡೆಯಿತು. 1874ರಲ್ಲಿ ಅಲ್ಲೇ ಈ ಸ್ಮಾರಕ ಎದ್ದಿತು, ನಾಲ್ಕು ಭಾಷೆಯಲ್ಲಿ ಬರಹ ಇದೆ. ಪಕ್ಕದ ಸೇತುವೆಗೆ ಇವತ್ತಿಗೂ 'ಭಾರತೀಯನ ಸೇತುವೆ' ಅಂತಲೇ ಹೆಸರು. ನಮ್ಮ ಸೀಮೆಯ ಪಕ್ಕದ ಒಬ್ಬ ಹುಡುಗ ಅಷ್ಟು ದೂರದಲ್ಲಿ ಉಳಿದುಬಿಟ್ಟ. ಅಲ್ಲಿಗೆ ಹೋದವರು ಅವನನ್ನು ಮಾತಾಡಿಸಿ ಬರಬೇಕು ಅಂತ ನನ್ನ ಆಸೆ. ಟ್ರಾಮ್ ಇಳಿದ ಮೇಲೆ ಪಾರ್ಕಿನೊಳಗೆ ಸಾಕಷ್ಟು ನಡೆಯಬೇಕು. ಬೆಳಕಿರುವಾಗಲೇ ಹೋಗಿ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ.

ಅಷ್ಟು ನಡೆಯಲು ಆಗದವರು ಬಸ್ಸಿನಲ್ಲಿ ಸಾನ್ ಮಿನಿಯಾತೊ ಗುಡ್ಡಕ್ಕೆ ಹೋಗಿ. ಎಲ್ಲರೂ ಸೂರ್ಯಾಸ್ತಕ್ಕೆ ಸೇರುವ ಚೌಕಕ್ಕಿಂತ ಸ್ವಲ್ಪ ಮೇಲೆ, ಸಾವಿರ ವರ್ಷದ ಹಳೆ ಚರ್ಚು. ಸಂಜೆ ಸನ್ಯಾಸಿಗಳು ಹಾಡಿನಲ್ಲಿ ಪ್ರಾರ್ಥನೆ ಮಾಡುತ್ತಾರೆ, ಯಾರು ಬೇಕಾದರೂ ಕೂತು ಕೇಳಬಹುದು.

ಕೊನೆಗೆ ಒಂದೆರಡು ಸಣ್ಣ ಮಾತು. ಹೋಟೆಲಿನಲ್ಲಿ ಒಬ್ಬೊಬ್ಬರಿಗೆ ರಾತ್ರಿಗಿಷ್ಟು ಅಂತ ನಗರ ತೆರಿಗೆ ಬೇರೆಯಾಗಿ ಕೇಳುತ್ತಾರೆ, ಕೈಯಲ್ಲಿ ಸ್ವಲ್ಪ ಯುರೋ ಇರಲಿ. ಹಳೆ ಕಟ್ಟಡಗಳ ಹೋಟೆಲಿನಲ್ಲಿ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, ಕೋಣೆ ಹಿಡಿಯುವಾಗಲೇ ಕೇಳಿ. ನಿಲ್ದಾಣದಲ್ಲಿ, ಬಸ್ಸಿನಲ್ಲಿ ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಕೊನೆಯ ದಿನ ಕೋಣೆ ಬಿಟ್ಟ ಮೇಲೆ ಲಗೇಜನ್ನು ರೈಲು ನಿಲ್ದಾಣದಲ್ಲಿ ದುಡ್ಡು ಕೊಟ್ಟು ಇಡಬಹುದು. ಸಂಜೆ ಆರೇಳು ಗಂಟೆಯ ರೈಲು ಹಿಡಿದರೆ ಆ ಮಧ್ಯಾಹ್ನವೂ ನಿಮ್ಮದೇ.

ನಮಸ್ಕಾರ.